ರೈತರ ನಡುನೋವೂ ತಿದ್ದುವ ಅಂಗಸಾಧನೆಯೂ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರ ಅಭಿಪ್ರಾಯ)

ವ್ಯವಸಾಯಕ್ಕೆ ಬೇಕಾದ ಸಾಧನಗಳಾವುವೆಂದು ಯಾರನ್ನಾದರೂ ಕೇಳಿದರೆ ಭೂಮಿ, ನೀರು, ಬೀಜ, ಗೊಬ್ಬರ, ಎತ್ತು, ನೇಗಿಲು ಎಂದು ಬೆರಳು ಮಡಿಸಿ ಎಣಿಸುವರು. ಈಚೆಗೆ ಟ್ರಾಕ್ಟರನ್ನೂ ಸೇರಿಸುವರು. ಇವೆಲ್ಲವನ್ನೂ ನಡೆಸತಕ್ಕ ಮನುಷ್ಯನ ಮೈಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪೈರಿಗೆ ಬೆಂಕಿರೋಗ ತಗುಲಿತೆಂದು ಸುದ್ದಿ ಬಂದರೆ ಇಲಾಖೆಯವರಾದ ನಾವು ಓಡಿಬರುತ್ತೇವೆ. ಆ ಪೈರನ್ನು ನೆಟ್ಟವರ ನಡು ಹಿಡಿದುಕೊಂಡಿತೆಂದರೆ ಅದು ನಮ್ಮ ಕೆಲಸವಲ್ಲವೆಂದು ಸುಮ್ಮನಿರುತ್ತೇವೆ. ಈ ಭಾವನೆಯು ತಪ್ಪೆಂದೂ, ನಡುನೋವು ವ್ಯವಸಾಯಕ್ಕೆ ಸಂಬಂಧಿಸಿದ ವಿಚಾರವೇ ಎಂದೂ, ಅದನ್ನು ತಗ್ಗಿಸುವ ಉಪಾಯವು ಬಹುಮಟ್ಟಿಗೆ ಗ್ರಾಮದ ಯಜಮಾನರ ಮತ್ತು ಭೂಮಾಲೀಕರ ಕೈಯಲ್ಲಿಯೇ ಇದೆಯೆಂದೂ ನನಗೆ ತೋರಿಬಂದಿರುವುದರಿಂದ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಕಳೆದ ಶ್ರಾವಣದಲ್ಲಿ ನಂಜನಗೂಡು ತಾಲ್ಲೂಕಿನ ಹೆಡತಲೆಗೆ ನಾಟಿಯನ್ನು ನೋಡಲು ಹೋಗಿದ್ದೆನು. ಹೊಯ್ಸಳರ ಕಾಲದ ಶ್ರೀ ಲಕ್ಷ್ಮೀಕಾಂತಸ್ವಾಮಿಯ ದೇವಾಲಯದಿಂದ ಹೆಸರಾದ ಊರು ಅದು. ಅಲ್ಲಿಗೆ ಸಮೀಪದ ಗದ್ದೆಯೊಂದರಲ್ಲಿ ಹದಿನಾಲ್ಕು ಮಂದಿ ಹೆಣ್ಣಾಳುಗಳು ಸಾಲುಹಿಡಿದು ಪೈರು ನೆಡುತ್ತಿದ್ದರು. ಗಂಡಸರಲ್ಲಿ ಅನೇಕರು ನಂಜನಗೂಡಿನ ಕಾರ್ಖಾನೆಗಳಿಗೂ ಮೈಸೂರಿನ ಕಟ್ಟಡದ ಕೆಲಸಗಳಿಗೂ ಹೋಗುವುದರಿಂದ ನಾಟಿಯ ತಂಡದಲ್ಲಿ ನಲವತ್ತೈದು ವರುಷ ದಾಟಿದವರೇ ಹೆಚ್ಚು. ಅವರಲ್ಲಿ ಅರುವತ್ತು ಸಮೀಪಿಸಿದ ಒಬ್ಬಾಕೆ ಊಟದ ಹೊತ್ತಿಗೆ ಗದ್ದೆಯಿಂದ ಮೇಲೇಳುವಾಗ ಮಂಡಿಯ ಮೇಲೊಂದು ಕೈ, ಬದುವಿನ ಮೇಲೊಂದು ಕೈ ಊರಿ, ಗೂನುಬೆನ್ನಿನಲ್ಲಿಯೇ ನಾಲ್ಕು ಹೆಜ್ಜೆ ನಡೆದು, ಆ ಬಳಿಕ ಅಷ್ಟಷ್ಟಾಗಿ ನೆಟ್ಟಗಾದಳು. ವಿಚಾರಿಸಲಾಗಿ, “ಸೊಂಟ ಹಿಡ್ಕಂಡದ ಸ್ವಾಮಿ, ಬಗ್ಗುದ್ರ ಏಳಕಾಗದು” ಎಂದಳು. ರಾತ್ರಿ ಒಂದು ನೋವಿನ ಮಾತ್ರೆಯನ್ನು ನುಂಗಿ ಮಲಗಿ ಬೆಳಗ್ಗೆ ಪುನಃ ನಾಟಿಗೆ ಬರುವುದು ಆಕೆಯ ಪದ್ಧತಿ. ತಂಡದಲ್ಲಿ ಎಷ್ಟು ಮಂದಿಗೆ ಹೀಗಿದೆಯೆಂದು ಕೇಳಿದುದಕ್ಕೆ ಉಳಿದವರು ನಕ್ಕರು. ಯಾರಿಗಿಲ್ಲವೆಂದು ಕೇಳಬೇಕಾಗಿತ್ತೆಂದು ಆಮೇಲೆ ತಿಳಿಯಿತು.

ಇವರಿಗೆ ಸ್ವಲ್ಪ ಅಂಗಸಾಧನೆಯನ್ನು ಕಲಿಸಿದರೆ ಒಳ್ಳೆಯದಲ್ಲವೇ ಎಂದು ಜತೆಯಲ್ಲಿದ್ದ ಜಮೀನಿನ ಯಜಮಾನರನ್ನು ಕೇಳಿದೆನು. ಅವರು ಒಳ್ಳೆಯವರು, ಆಳುಗಳಿಗೆ ಕೂಲಿಯನ್ನು ತಡೆಹಿಡಿದವರಲ್ಲ. ಆದರೂ, “ಏನು ಸ್ವಾಮಿ, ಬೆಳಗಿನಿಂದ ಸಂಜೆಯವರೆಗೆ ದುಡಿಯೋರಿಗೆ ಅಂಗಸಾಧನೆ ಬೇರೆ ಬೇಕೆ? ಅದು ಕೂತು ತಿನ್ನೋರಿಗೆ” ಎಂದರು. ಈ ಮಾತನ್ನು ನಾನು ಹೋದ ಹೋದ ಗ್ರಾಮಗಳಲ್ಲೆಲ್ಲ ಕೇಳಿದ್ದೇನೆ. ಮೊದಲು ನಾನೂ ಹಾಗೆಯೇ ತಿಳಿದಿದ್ದೆನು. ಆದಕಾರಣ ಈ ಮಾತಿಗೇ ಮೊದಲು ಉತ್ತರ ಹೇಳಬೇಕಾಗಿದೆ.

ದುಡಿಮೆ ಬೇರೆ, ಅಂಗಸಾಧನೆ ಬೇರೆ. ದುಡಿಮೆಯು ಮೈಯನ್ನು ಒಂದೇ ಕಡೆಗೆ ಎಳೆಯುತ್ತದೆ. ನಾಟಿ, ಕಳೆ, ಕೊಯ್ಲು ಈ ಮೂರರಲ್ಲಿಯೂ ನಡುವು ಬಗ್ಗುವುದು ಮುಂದಕ್ಕೆ ಮಾತ್ರ; ದಿನಕ್ಕೆ ಸಾವಿರ ಸಲ ಕೈ ಕೆಳಗೆ ಹೋದರೂ ಬೆನ್ನು ಒಂದು ಸಲವಾದರೂ ಹಿಂದಕ್ಕೆ ಬಾಗುವುದಿಲ್ಲ. ಹೀಗೆ ಬಹಳ ಹೊತ್ತು ಪೂರಾ ಬಗ್ಗಿ ನಿಂತಾಗ ಬೆನ್ನನ್ನು ಎತ್ತಿಹಿಡಿಯತಕ್ಕ ಸ್ನಾಯುಗಳು ಕೆಲಸವನ್ನು ಬಿಟ್ಟು ಸಡಿಲವಾಗುತ್ತವೆ. ಮೈಯ ಭಾರವೆಲ್ಲ ಮೂಳೆಗಳನ್ನು ಕಟ್ಟಿರುವ ನಾರುಗಳ ಮೇಲೂ, ಬೆನ್ನುಮೂಳೆಯ ಮಣಿಗಳ ನಡುವಣ ಮೆತ್ತನೆಯ ಬಿಲ್ಲೆಗಳ ಮೇಲೂ ಬೀಳುತ್ತದೆ. ಹಸಿಯ ಹಗ್ಗಕ್ಕೆ ಭಾರವನ್ನು ತೂಗುಹಾಕಿದರೆ ಅದು ಮೆಲ್ಲಮೆಲ್ಲನೆ ಉದ್ದವಾಗುವಂತೆ ಆ ನಾರುಗಳೂ ಹಿಗ್ಗುತ್ತವೆ. ಭಾರವನ್ನು ಇಳಿಸಿದ ಕೂಡಲೆ ಮೊದಲಿನಂತಾಗುವುದಿಲ್ಲ. ನಾಟಿಯಿಂದ ಎದ್ದೊಡನೆ ಪೈರಿನ ಕಂತೆಯನ್ನೋ ಗೊಬ್ಬರದ ಮೂಟೆಯನ್ನೋ ಎತ್ತಿದವರ ನಡು ಉಳುಕುವುದಕ್ಕೆ ಇದೂ ಒಂದು ಕಾರಣ. ಇತ್ತ ಸೊಂಟದ ಕೆಳಗಣ ದಪ್ಪ ಸ್ನಾಯುಗಳು ವರ್ಷಗಟ್ಟಲೆ ತಮ್ಮ ಪಾಲಿನ ಕೆಲಸ ಮಾಡದೆ ಬಲಗುಂದುತ್ತವೆ. ತೊಡೆಯ ಹಿಂಭಾಗವು ಬಿಗಿಯುತ್ತದೆ. ಹೀಗೆ ಬಿಗಿದುದನ್ನು ಸಡಿಲಿಸಿ, ಬಲಗುಂದಿದುದಕ್ಕೆ ಬಲ ಕೊಟ್ಟು, ತಪ್ಪಾಗಿ ಬಾಗುವ ಅಭ್ಯಾಸವನ್ನು ಬಿಡಿಸಿ ಸರಿಯಾಗಿ ಬಾಗುವುದನ್ನು ಕಲಿಸುವುದೇ ತಿದ್ದುವ ಅಂಗಸಾಧನೆ. ಇದು ದುಡಿಮೆಗೆ ಎದುರಾಳಿಯಲ್ಲ, ದುಡಿಮೆಯು ತೆಗೆದುಕೊಂಡುದನ್ನು ಹಿಂದಕ್ಕೆ ಕೊಡತಕ್ಕದ್ದು. ಒಂದೇ ಬೆಳೆಯನ್ನು ವರ್ಷ ವರ್ಷವೂ ಇಟ್ಟ ಹೊಲಕ್ಕೆ ನಡುವೆ ಅವರೆಯನ್ನೋ ಹುರುಳಿಯನ್ನೋ ಬಿತ್ತುವ ರೈತರಿಗೆ ಈ ತತ್ವವು ಹೊಸದಲ್ಲ.

ಎತ್ತಿನ ವಿಚಾರದಲ್ಲಿ ನಮ್ಮ ರೈತರು ತೋರುವ ಜಾಣತನವನ್ನು ನೋಡಿರಿ. ಹೆಗಲಿನ ಮೇಲೆ ಹುಣ್ಣಾಗುವ ಸೂಚನೆ ಕಂಡರೆ ನೊಗಕ್ಕೆ ಬಟ್ಟೆ ಸುತ್ತುವರು, ಎಣ್ಣೆ ಹಚ್ಚುವರು, ಎರಡು ದಿನ ಕಟ್ಟದೆ ಬಿಡುವರು, ಎತ್ತು ಕುಂಟಿದರೆ ಲಾಳವನ್ನು ಪರೀಕ್ಷಿಸುವರು. ನಡು ಹಿಡಿದ ಆಳಿಗೆ ಮಾತ್ರ “ವಯಸ್ಸಾಯಿತು” ಎಂಬ ಒಂದೇ ಮಾತು. ಎತ್ತಿಗೆ ಸಲ್ಲುವ ನ್ಯಾಯವು ಮನುಷ್ಯರಿಗೆ ಸಲ್ಲಬಾರದೇಕೆ?

ನನ್ನ ಸ್ವಂತ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ. ಸಾಲು ನಾಟಿಯಿಂದ ಇಳುವರಿ ಹೆಚ್ಚುವುದೆಂದು ಹಗ್ಗ ಹಿಡಿದು ಬದುವಿನ ಮೇಲೆ ನಿಂತು, ಗುಳಿಗೂ ಗುಳಿಗೂ ಇಷ್ಟೇ ಅಂತರವಿರಬೇಕೆಂದು ಹೇಳಿದವನು ನಾನು. ಮಾತು ಸುಳ್ಳಲ್ಲ. ಆದರೆ ಹೀಗೆ ಅಳತೆಗೆ ಸರಿಯಾಗಿ ನೆಡುವಾಗ ಹೆಣ್ಣಾಳುಗಳು ಬಗ್ಗಿರುವ ಹೊತ್ತು ಎಷ್ಟು ಹೆಚ್ಚುವುದೆಂದು ಒಂದು ದಿನವೂ ಗಡಿಯಾರ ನೋಡಲಿಲ್ಲ. ನನಗೆ ಬುದ್ಧಿ ಬಂದುದು ನನ್ನ ನಡುವೇ ಹಿಡಿದುಕೊಂಡಾಗ. ಆರು ವರ್ಷಗಳ ಕೆಳಗೆ, ಗ್ರಾಮದಿಂದ ಗ್ರಾಮಕ್ಕೆ ಮೋಟಾರು ಸೈಕಲ್ಲಿನ ಮೇಲೆ ತಿರುಗಿ ತಿರುಗಿ, ಒಂದು ಬೆಳಗ್ಗೆ ಚಡಾವು ಕಟ್ಟಲು ಬಗ್ಗಿದವನು ಏಳಲಾರದೆ ಹೋದೆನು. ಒಬ್ಬರು ಹದಿನೈದು ದಿನ ಅಲುಗದೆ ಮಲಗಿರೆಂದರು. ಮತ್ತೊಬ್ಬರು ಸೊಂಟಕ್ಕೆ ಪಟ್ಟಿ ಕಟ್ಟಿದರು. ಚುಚ್ಚುಮದ್ದುಗಳಿಗೆ ಹಣ ಖರ್ಚಾಯಿತು. ಕೊನೆಗೆ ಅಂಗಮರ್ದನವನ್ನೂ ಅಂಗಸಾಧನೆಯನ್ನೂ ಬಲ್ಲ ಫಿಸಿಯೋಥೆರಪಿಯ ತರುಣಿಯೊಬ್ಬಳು ನನ್ನನ್ನು ನಿಲ್ಲಿಸಿ, ಬಗ್ಗಿಸಿ, ನಡೆಸಿ ನೋಡಿ, “ನೀವು ಬಗ್ಗುವುದೇ ತಪ್ಪು, ಸಾರ್” ಎಂದು ಹೇಳಿ ನಾಲ್ಕು ಅಭ್ಯಾಸಗಳನ್ನು ಕಲಿಸಿದಳು. ಆರು ವಾರಗಳಲ್ಲಿ ಪಟ್ಟಿಯನ್ನು ಬಿಚ್ಚಿದೆನು. ಅಭ್ಯಾಸವನ್ನು ಬಿಟ್ಟ ತಿಂಗಳಲ್ಲಿ ನೋವು ಮರಳುವುದೂ ಉಂಟು. ಹೀಗಾಗಿ ಈ ಲೇಖನವು ಪುಸ್ತಕದಿಂದ ಮಾತ್ರ ಹುಟ್ಟಿದುದಲ್ಲ.

ಅಂಗಸಾಧನೆಯು ನಮ್ಮ ಸೀಮೆಗೆ ಹೊರಗಿನಿಂದ ಬಂದ ವಸ್ತುವೇನೂ ಅಲ್ಲ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಸಾಮುಗಳು ತಲೆತಲಾಂತರದಿಂದ ನಡೆದುಬಂದಿವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದನ್ನು ಏರ್ಪಡಿಸಿ, ತಿರುಮಲೈ ಕೃಷ್ಣಮಾಚಾರ್ಯರನ್ನು ಅದರ ಗುರುಗಳನ್ನಾಗಿ ನೇಮಿಸಿದರು. ಆಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನೂ 1941ರಲ್ಲಿ ‘ಯೋಗಾಸನಗಳು’ ಎಂಬುದನ್ನೂ ಕನ್ನಡದಲ್ಲಿಯೇ ಬರೆದರು. ಕೋಲಾರದ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯದಲ್ಲಿ ರೋಗಪೀಡಿತರಾಗಿದ್ದ ಬಿ. ಕೆ. ಎಸ್. ಅಯ್ಯಂಗಾರ್ಯರು ಈ ಯೋಗಶಾಲೆಯಲ್ಲಿಯೇ ಕಲಿತು, ಮುಂದೆ ಪುಣೆಯಲ್ಲಿ ನೆಲಸಿ, ಮೈ ಬಾಗದವರಿಗೆ ಮರದ ದಿಮ್ಮಿ, ಪಟ್ಟಿ, ಹಗ್ಗ, ಕುರ್ಚಿಗಳ ಆಸರೆ ಕೊಟ್ಟು ಅಂಗಗಳನ್ನು ನೆಟ್ಟಗೆ ನಿಲ್ಲಿಸುವ ಕ್ರಮವನ್ನು ಲೋಕಕ್ಕೆ ಕಲಿಸಿದರು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರವರು ವ್ಯಾಯಾಮಶಾಲೆಯನ್ನು ನಡೆಸಿ, ದೂರದ ಊರಿನವರಿಗೆ ಅಂಚೆಯ ಮೂಲಕ ಸಹ ಅಂಗಸಾಧನೆಯನ್ನು ಕಲಿಸುತ್ತಿದ್ದರು. ಇದರಲ್ಲಿ ಬಹುಪಾಲು ನಡೆದುದು ಹೆಡತಲೆಯಿಂದ ಅರ್ಧ ದಿನದ ಪ್ರಯಾಣದೊಳಗೆ. ಆದರೂ ಆ ವಿದ್ಯೆಯು ಪಟ್ಟಣದಿಂದ ವಿದೇಶಕ್ಕೆ ಹೋಯಿತೇ ಹೊರತು ಕಪಿಲೆಯ ದಡದ ನಾಟಿಗದ್ದೆಗೆ ಇಳಿಯಲಿಲ್ಲ. ಗರಡಿಯಿದ್ದ ಊರುಗಳಲ್ಲಿಯೂ ಅದರ ಬಾಗಿಲು ಸಾಮಾನ್ಯವಾಗಿ ಹೆಂಗಸರಿಗೆ ತೆರೆದಿರಲಿಲ್ಲ. ನಡು ಬಗ್ಗಿಸಿ ದುಡಿಯುವವರಲ್ಲಿ ಅವರೇ ಹೆಚ್ಚು.

ಈಗಿನ ವೈದ್ಯರ ಅಭಿಪ್ರಾಯವೂ ಇದೇ ಕಡೆಗೆ ತಿರುಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ನಡುನೋವಿನಿಂದ ಬಳಲುತ್ತಿದ್ದವರು ಸುಮಾರು 61 ಕೋಟಿ 90 ಲಕ್ಷ ಮಂದಿ. ಜನರ ಕೈಕಾಲು ಕಟ್ಟಿಹಾಕುವ ಕಾರಣಗಳಲ್ಲಿ ಇದೇ ಮೊದಲನೆಯದು. 2023ರ ಡಿಸೆಂಬರಿನಲ್ಲಿ ಆ ಸಂಸ್ಥೆಯು ಹಳೆಯ ನಡುನೋವಿನ ವಿಚಾರವಾಗಿ ಸಲಹೆಗಳನ್ನು ಹೊರಡಿಸಿ, ರೋಗಿಗೆ ತಿಳಿವಳಿಕೆ ಕೊಡುವುದನ್ನೂ ಅಂಗಸಾಧನೆಯನ್ನೂ ಪುರಸ್ಕರಿಸಿತು. ಸೊಂಟದ ಪಟ್ಟಿಯನ್ನೂ, ಭಾರ ಕಟ್ಟಿ ಎಳೆಯುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಉಪಯೋಗಿಸಬಾರದೆಂದು ಹೇಳಿತು. ನೋವಿನ ಮಾತ್ರೆಯನ್ನು ದಿನವೂ ನುಂಗುವುದರಿಂದ ಹೊಟ್ಟೆಯಲ್ಲಿ ಹುಣ್ಣೂ ಮೂತ್ರಪಿಂಡಗಳಿಗೆ ಕೇಡೂ ಉಂಟಾಗುವ ಸಂಭವವಿದೆಯೆಂಬುದನ್ನು ಪ್ರತಿಯೊಬ್ಬ ಯಜಮಾನರೂ ತಮ್ಮ ಆಳುಗಳಿಗೆ ತಿಳಿಸತಕ್ಕದ್ದು.

ಇನ್ನು ಅಭ್ಯಾಸಗಳು. ಇವಕ್ಕೆ ಒಂದು ಚಾಪೆ, ಒಂದು ಕೋಲು ಹೊರತು ಬೇರೆ ಸಾಮಗ್ರಿ ಬೇಡ.

1. ಹಿಂದಕ್ಕೆ ಬಾಗುವುದು. ಬದುವಿನ ಮೇಲೆ ಪಾದಗಳನ್ನು ಒಂದು ಗೇಣು ಅಗಲಿಸಿ ನಿಂತು, ಎರಡು ಅಂಗೈಗಳನ್ನೂ ಸೊಂಟದ ಹಿಂದಕ್ಕೆ ಒತ್ತಿ, ಮಂಡಿಯನ್ನು ಮಡಿಸದೆ ನಿಧಾನವಾಗಿ ಹಿಂದಕ್ಕೆ ಬಾಗಿ, ಒಂದು ಉಸಿರಿನಷ್ಟು ನಿಂತು, ನೆಟ್ಟಗಾಗತಕ್ಕದ್ದು. ಹೀಗೆ ಎಂಟು ಹತ್ತು ಸಲ. ಇದನ್ನು ಗಂಟೆಗೊಮ್ಮೆ ಮಾಡಬೇಕು. ಇದೊಂದನ್ನು ಮಾತ್ರ ಕಲಿತರೂ ಬಹಳ ಪ್ರಯೋಜನವುಂಟು.

2. ಬೋರಲು ಮಲಗುವುದು. ಸಂಜೆ ಮನೆಗೆ ಬಂದೊಡನೆ ಚಾಪೆಯ ಮೇಲೆ ಎರಡು ನಿಮಿಷ ಬೋರಲಾಗಿ ಸುಮ್ಮನೆ ಮಲಗಿ, ಬಳಿಕ ಮೊಣಕೈಗಳನ್ನು ಊರಿ ಎದೆಯನ್ನು ಮಾತ್ರ ಎತ್ತಿ ಇನ್ನೆರಡು ನಿಮಿಷ ಇರತಕ್ಕದ್ದು. ಸೊಂಟವು ನೆಲಕ್ಕೆ ಹತ್ತಿರಬೇಕು.

3. ಸೊಂಟ ಎತ್ತುವುದು. ಅಂಗಾತ ಮಲಗಿ, ಮಂಡಿಗಳನ್ನು ಮಡಿಸಿ, ಪಾದಗಳನ್ನು ನೆಲಕ್ಕೆ ಊರಿ, ಸೊಂಟವನ್ನು ಎತ್ತಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು, ಹತ್ತು ಸಲ. ಬಲಗುಂದಿದ ಹಿಂಭಾಗದ ಸ್ನಾಯುಗಳಿಗೆ ಇದು ಬಲ ಕೊಡುತ್ತದೆ.

4. ಅಂಬೆಗಾಲಿನ ಅಭ್ಯಾಸ. ಮಗುವಿನಂತೆ ಅಂಬೆಗಾಲಿನಲ್ಲಿ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ, ಐದು ಎಣಿಸಿ, ಮಗ್ಗುಲು ಬದಲಾಯಿಸುವುದು. ಬೆನ್ನಿನ ಮೇಲೆ ನೀರಿನ ಚೆಂಬನ್ನಿಟ್ಟರೂ ತುಳುಕಬಾರದೆಂಬ ಎಚ್ಚರವಿರಬೇಕು.

5. ಕೋಲಿನ ಪಾಠ. ಇದು ಎಲ್ಲಕ್ಕಿಂತ ಮುಖ್ಯ. ಆಳುದ್ದದ ನೇರವಾದ ಕೋಲೊಂದನ್ನು ಬೆನ್ನಿನ ಹಿಂದೆ ನೆಟ್ಟಗೆ ಹಿಡಿದು, ಅದು ತಲೆಯ ಹಿಂಭಾಗ, ಹೆಗಲುಗಳ ನಡುವೆ, ಸೊಂಟದ ಕೆಳಗೆ ಈ ಮೂರು ಕಡೆಗಳಲ್ಲಿ ತಾಗುವಂತೆ ಇಟ್ಟುಕೊಂಡು, ಮಂಡಿಗಳನ್ನು ಸ್ವಲ್ಪ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ನೂಕುತ್ತ ಬಗ್ಗತಕ್ಕದ್ದು. ಮೂರು ಕಡೆಗಳಲ್ಲಿ ಎಲ್ಲಿಯಾದರೂ ಕೋಲು ಬಿಟ್ಟರೆ ಬೆನ್ನು ಬಗ್ಗಿತೆಂದು ಅರ್ಥ. ಬಾಗಬೇಕಾದುದು ತೊಡೆಯ ಸಂದಿನಲ್ಲಿ, ನಡುವಿನಲ್ಲಲ್ಲ. ಮೂಟೆ, ಹುಲ್ಲಿನ ಹೊರೆ, ನೀರಿನ ಕೊಡ ಇವನ್ನು ಎತ್ತುವಾಗಲೆಲ್ಲ ಈ ಪಾಠವು ನೆನಪಿರಬೇಕು.

ಟ್ರಾಕ್ಟರು, ಟಿಲ್ಲರು ನಡೆಸುವವರ ತೊಂದರೆ ಬೇರೆ; ಅವರು ಕುಳಿತೇ ಅಲುಗುವುದರಿಂದ ತೊಡೆಯ ಮುಂಭಾಗ ಬಿಗಿಯುತ್ತದೆ. ಒಂದು ಮಂಡಿಯನ್ನು ನೆಲಕ್ಕೂರಿ ಇನ್ನೊಂದು ಪಾದವನ್ನು ಮುಂದಿಟ್ಟು ಸೊಂಟವನ್ನು ಮುಂದಕ್ಕೆ ತಳ್ಳುವುದು ಅವರಿಗೆ ಹಿತ. ಎಲ್ಲರೂ ಮೊದಲ ವಾರದಲ್ಲಿ ಹೇಳಿದುದರ ಅರ್ಧದಷ್ಟು ಮಾಡಿ ಕ್ರಮವಾಗಿ ಹೆಚ್ಚಿಸತಕ್ಕದ್ದು. ಮೈ ಸ್ವಲ್ಪ ಎಳೆದಂತಾಗುವುದು ಸಹಜ. ನೋವು ತೊಡೆ ಮೀನಖಂಡಗಳಿಗೆ ಇಳಿದರೆ ಆ ಅಭ್ಯಾಸವನ್ನು ಕೂಡಲೆ ನಿಲ್ಲಿಸಬೇಕು. ಕಾಲು ಜೋಮು ಹಿಡಿದು ಬಲ ತಪ್ಪಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರವಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ರಾತ್ರಿಯೆಲ್ಲ ಬಿಡದ ನೋವಿನೊಂದಿಗೆ ಮೈ ಇಳಿಯುತ್ತಿದ್ದರೆ ಅದು ಅಂಗಸಾಧನೆಯ ಕೆಲಸವಲ್ಲ. ತಡಮಾಡದೆ ಆಸ್ಪತ್ರೆಗೆ ಕಳುಹಿಸತಕ್ಕದ್ದು.

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಅಂಗಸಾಧನೆಯನ್ನು ಆಳುಗಳಿಗೆ ಕಲಿಸಿ, ಕೆಲಸದ ಕ್ರಮವನ್ನು ಮಾತ್ರ ಹಿಂದಿನಂತೆಯೇ ಇಟ್ಟರೆ ಅದು ತೂತುಬಿದ್ದ ಗುಡಾಣಕ್ಕೆ ನೀರು ತುಂಬಿದಂತೆ. ಮೋಟುಕಾವಿನ ಗುದ್ದಲಿಯನ್ನು ಕೊಟ್ಟು ನಡು ಬಗ್ಗಿಸಬೇಡಿರೆಂದು ಹೇಳುವುದು ಪರಿಹಾಸ್ಯ. ಅಮೆರಿಕದ ಕ್ಯಾಲಿಫೋರ್ನಿಯ ಸೀಮೆಯಲ್ಲಿ ಸೊಪ್ಪು ತರಕಾರಿಯ ಹೊಲಗಳಲ್ಲಿ ಕೂಲಿಗಾರರಿಗೆ ಮೋಟುಕಾವಿನ ಕಳೆಗುದ್ದಲಿಯನ್ನೇ ಕೊಡುತ್ತಿದ್ದರು. ಉದ್ದನೆಯ ಕಾವಿನಿಂದ ಪೈರು ಕೆಡುವುದೆಂದು ಮಾಲೀಕರು ವಾದಿಸಿದರು. ಬೆನ್ನುಮೂಳೆ ಕೆಡುತ್ತಿದೆಯೆಂದು ವೈದ್ಯರು ಸಾಕ್ಷ್ಯ ನುಡಿದರು. 1975ರಲ್ಲಿ ಆ ಗುದ್ದಲಿಯು ಅಲ್ಲಿ ನಿಷಿದ್ಧವಾಯಿತು. ತರಕಾರಿಯ ಬೇಸಾಯವೇನೂ ನಿಂತುಹೋಗಲಿಲ್ಲ. ನಮ್ಮಲ್ಲಿಯೂ ಉದ್ದನೆಯ ಕಾವು ಹಾಕಿಸುವುದಕ್ಕೆ ಊರಿನ ಬಡಗಿಯೇ ಸಾಕು. ಸಾಲು ನಾಟಿಯ ಗದ್ದೆಯಲ್ಲಿ ಕೋನೋ ವೀಡರ್ ಎಂಬ ತಳ್ಳುವ ಕಳೆಯಂತ್ರವನ್ನು ನಿಂತುಕೊಂಡೇ ನಡೆಸಬಹುದು. ನಾಟಿಯಂತ್ರವು ಕೃಷಿ ಯಂತ್ರಧಾರೆಯ ಕೇಂದ್ರಗಳಲ್ಲಿ ಬಾಡಿಗೆಗೆ ದೊರೆಯುವ ಕಡೆ ಅದನ್ನು ಉಪಯೋಗಿಸಬಹುದು; ಆದರೂ ಚಿಕ್ಕ ತಾಕುಗಳಲ್ಲಿಯೂ ಮೂಲೆಗಳಲ್ಲಿಯೂ ಕೈನಾಟಿಯು ಉಳಿದೇ ಇರುತ್ತದೆ. ಪೈರು ಕೀಳುವವರನ್ನೂ ನೆಡುವವರನ್ನೂ ಹೊತ್ತಿಗೊಮ್ಮೆ ಅದಲು ಬದಲು ಮಾಡುವುದಕ್ಕೆ ಕಾಸು ಖರ್ಚಿಲ್ಲ. ಬಗ್ಗಿ ಎದ್ದವರು ಎರಡು ನಿಮಿಷ ನಿಲ್ಲದೆ ಭಾರ ಎತ್ತಕೂಡದೆಂಬ ಕಟ್ಟಳೆಗೂ ಖರ್ಚಿಲ್ಲ.

ಹೊತ್ತು ಹಾಳಾಗುವುದೆಂದು ಕೆಲವರು ಆಕ್ಷೇಪಿಸುವರು. ಲೆಕ್ಕ ಹಾಕಿ ನೋಡೋಣ. ಏಳು ಗಂಟೆಗಳ ದುಡಿಮೆಯಲ್ಲಿ ಒಟ್ಟು 15 ನಿಮಿಷಗಳನ್ನು ಇದಕ್ಕೆ ಬಿಟ್ಟರೆ ಹೋಗುವುದು ಇಪ್ಪತ್ತೆಂಟರಲ್ಲಿ ಒಂದು ಪಾಲು. ಎಂದರೆ ಹದಿನಾಲ್ಕು ಮಂದಿಯ ತಂಡಕ್ಕೆ ಅರ್ಧ ಆಳಿನ ಕೆಲಸ. ಆ ತಂಡದಲ್ಲಿ ಒಬ್ಬಾಕೆ ನಡು ಹಿಡಿದು ಮನೆಯಲ್ಲಿ ಮಲಗಿದರೆ ಹೋಗುವುದು ಪೂರಾ ಒಂದು ಆಳು. ನಾಟಿಯ ಕಾಲದಲ್ಲಿ ಬದಲಿ ಆಳು ಎಲ್ಲಿ ದೊರೆಯುತ್ತದೆಂದು ತಾವೇ ಬಲ್ಲಿರಿ. ಮಾಲೀಕರಿಗೆ ಹೋಗುವುದು ಒಂದು ಆಳಿನ ಕೆಲಸ. ಆಕೆಯ ಮನೆಗೆ ಹೋಗುವುದು ಅಂದಿನ ಅನ್ನ. ಎಕರೆಗೆ ಇಷ್ಟೆಂದು ಗುತ್ತಿಗೆ ಮಾತನಾಡಿದ ಕಡೆ ತಂಡದವರೇ ನಿಲ್ಲಲೊಪ್ಪುವುದಿಲ್ಲ; ಆದಕಾರಣ ಗುತ್ತಿಗೆಯ ದರವನ್ನು ಗೊತ್ತುಮಾಡುವಾಗಲೇ ಈ 15 ನಿಮಿಷಗಳನ್ನು ಲೆಕ್ಕದಲ್ಲಿ ಸೇರಿಸಿ ಮಾತನಾಡತಕ್ಕದ್ದು. ಬಿಡುವು ಕೊಟ್ಟು ಕೂಲಿ ಕಡಿಯುವುದಾದರೆ ಅದು ಉಪಕಾರವೆನಿಸಿಕೊಳ್ಳಲಾರದು.

ಗ್ರಾಮದ ಯಜಮಾನರು ಮಾಡಬಹುದಾದುದು ಇಷ್ಟು. ಒಟ್ಟಲು ಹಾಕುವ ಕಾಲಕ್ಕೆ, ಎಂದರೆ ನಾಟಿಗೆ ಮೂರು ನಾಲ್ಕು ವಾರ ಮುಂಚೆಯೇ ಆರಂಭಿಸತಕ್ಕದ್ದು. ಮೈಯನ್ನು ಮೊದಲೇ ಹದಮಾಡಿಕೊಂಡರೆ ನಾಟಿಯ ಕಾಲಕ್ಕೆ ಅದು ತಡೆದುಕೊಳ್ಳುತ್ತದೆ. ಪಾಠಕ್ಕೆ ಸ್ಥಳವು ಊರಿನ ಶಾಲೆಯ ಅಂಗಳವಾಗಿರಲಿ. ಎಲ್ಲ ಕೇರಿಯವರೂ ಸಂಕೋಚವಿಲ್ಲದೆ ಬರತಕ್ಕ ಸ್ಥಳ ಅದೇ. ಶಾಲೆಯ ದೈಹಿಕ ಶಿಕ್ಷಣದ ಉಪಾಧ್ಯಾಯರನ್ನೂ, ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಕರೆಸಿ ಒಂದೆರಡು ದಿನ ತೋರಿಸಿಕೊಟ್ಟರೆ ಸಾಕು. ಹೆಂಗಸರಿಗೆ ಹೆಂಗಸರಿಂದಲೇ, ಸ್ತ್ರೀಶಕ್ತಿ ಸಂಘಗಳ ಮೂಲಕ, ಕಲಿಸುವುದು ಉತ್ತಮ. ಎಲ್ಲಕ್ಕಿಂತ ಮೇಲಾಗಿ ಯಜಮಾನರು ತಾವೇ ಬದುವಿನ ಮೇಲೆ ನಿಂತು ಮೊದಲು ಹಿಂದಕ್ಕೆ ಬಾಗತಕ್ಕದ್ದು. ಅವರು ಬಾಗಿದರೆ ಉಳಿದವರ ನಾಚಿಕೆ ಹೋಗುತ್ತದೆ.

ಕೊಯ್ಲಿನ ಕಾಲದಲ್ಲಿ ಪುನಃ ಹೆಡತಲೆಗೆ ಹೋಗಿದ್ದೆನು. ಅದೇ ಯಜಮಾನರ ಗದ್ದೆಯಲ್ಲಿ ಹತ್ತು ಗಂಟೆಯ ಹೊತ್ತಿಗೆ ಕುಡುಗೋಲುಗಳನ್ನು ಕೆಳಗಿಟ್ಟು, ಹದಿನಾಲ್ಕರಲ್ಲಿ ಒಂಬತ್ತು ಮಂದಿ ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿದರು. ಪಕ್ಕದ ಗದ್ದೆಯವರು ನಕ್ಕರು. ಆ ಹಿರಿಯ ಹೆಂಗಸಿನ ನೋವು ಪೂರಾ ಹೋಗಿಲ್ಲ. ಮೂವತ್ತು ನಲವತ್ತು ವರ್ಷಗಳ ದುಡಿಮೆಯು ಮೂರು ತಿಂಗಳಿನಲ್ಲಿ ಅಳಿಸಿಹೋಗುವುದೂ ಇಲ್ಲ. ಆದರೆ ಮಾತ್ರೆಯನ್ನು ದಿನವೂ ನುಂಗುವುದು ತಪ್ಪಿದೆಯೆಂದಳು. ಎದ್ದು ನಿಲ್ಲುವಾಗ ಮಂಡಿಯ ಮೇಲೆ ಕೈಯೂರಲಿಲ್ಲವೆಂಬುದನ್ನು ನಾನೇ ಕಂಡೆನು. ಯಜಮಾನರು ಏನೂ ಹೇಳದೆ, ಉದ್ದನೆಯ ಕಾವು ಹಾಕಿಸಿದ ಎರಡು ಗುದ್ದಲಿಗಳನ್ನು ತೋರಿಸಿದರು.

ಮುಂದಿನ ನಾಟಿಗೆ ಮೊದಲು ಪ್ರತಿಯೊಂದು ಗ್ರಾಮದಲ್ಲಿಯೂ ಒಂದು ಗದ್ದೆಯಲ್ಲಾದರೂ ಇದನ್ನು ಮಾಡಿ ನೋಡಬೇಕೆಂದು ಯಜಮಾನರಲ್ಲಿಯೂ ಭೂಮಾಲೀಕರಲ್ಲಿಯೂ ನನ್ನ ಪ್ರಾರ್ಥನೆ. ಹೊಸ ಬೀಜವನ್ನು ಒಂದು ಗುಂಟೆಯಲ್ಲಿ ಬಿತ್ತಿ ಪರೀಕ್ಷಿಸುವವರು ಇದನ್ನೂ ಹಾಗೆಯೇ ಪರೀಕ್ಷಿಸಲಿ. ಪ್ರಯೋಜನ ಕಂಡರೆ ಮುಂದುವರಿಸಲಿ; ಕಾಣದಿದ್ದರೆ ನಾನು ಗ್ರಾಮಕ್ಕೆ ಬಂದಾಗ ಎದುರಿಗೇ ಹೇಳಲಿ.